ತುಕ್ಕು ಹಿಡಿದ ದೋಸೆ ಕಾವಲಿಯನ್ನು ಮತ್ತೆ ಪಳಗಿಸುವುದು ಹೇಗೆ?

ಸುಮಾರು ಮನೆಗಳ ಅಟ್ಟದಲ್ಲಿ, ಗೋಣಿಚೀಲದೊಳಗೆ, ಒಂದು ಕಬ್ಬಿಣದ ಕಾವಲಿ ಇದ್ದೇ ಇರುತ್ತದೆ. ನಾನ್‌ಸ್ಟಿಕ್ ಬಂದ ಹೊಸದರಲ್ಲಿ ಮೇಲೆ ಹತ್ತಿಸಿದ್ದು. ಈಗ ನಾನ್‌ಸ್ಟಿಕ್‌ನ ಲೇಪ ಎದ್ದು ದೋಸೆಗೆ ಮೆತ್ತಿಕೊಳ್ಳುತ್ತಿದೆ. ಹಳೆಯದನ್ನೇ ಇಳಿಸೋಣ ಅಂದರೆ ಅದರ ಮೈಯೆಲ್ಲ ತುಕ್ಕು. ಗುಜರಿಗೆ ಹಾಕಬೇಡಿ. ಬಿರುಕು ಬಿಟ್ಟಿಲ್ಲ ಅಂದರೆ ಆ ಕಾವಲಿ ಕೆಟ್ಟಿಲ್ಲ. ಒಂದು ರಜಾದಿನ ಬೆಳಗ್ಗೆ ಉಜ್ಜಿ, ಮಧ್ಯಾಹ್ನ ಎಣ್ಣೆ ಹಚ್ಚಿ ಕಾಯಿಸಿದರೆ, ಒಂದೆರಡು ವಾರದೊಳಗೆ ಅದರಲ್ಲಿ ದೋಸೆ ತಾನಾಗಿ ಏಳುತ್ತದೆ.

ಕರಾವಳಿ, ಮಲೆನಾಡಿನಲ್ಲಿ ಇದು ಕಾವಲಿ. ಬೆಂಗಳೂರು, ಮೈಸೂರು ಕಡೆ ದೋಸೆ ಹಂಚು. ಬಡಗಣ ಜಿಲ್ಲೆಗಳಲ್ಲಿ ಹಂಚು ಅಂತಲೂ ಅಂತಾರೆ, ತವಾ ಅಂತಲೂ ಅಂತಾರೆ. ನಾನು ಕಾವಲಿ ಅಂತಲೇ ಬರೆಯುತ್ತೇನೆ, ನಿಮ್ಮ ಮನೆಯ ಮಾತು ಯಾವುದೋ ಹಾಗೆ ಓದಿಕೊಳ್ಳಿ.

ಈ ಕೆಲಸಕ್ಕೆ ನಮ್ಮಲ್ಲಿರುವ ಮಾತು ಪಳಗಿಸುವುದು. ದುಬಾರೆ, ಸಕ್ರೆಬೈಲಿನಲ್ಲಿ ಆನೆ ಪಳಗಿಸುತ್ತಾರೆ. ಹೊಲಿಗೆ ಕಲಿಯುವವರಿಗೆ ಬರಬರುತ್ತಾ ಕೈ ಪಳಗುತ್ತದೆ. ಅಡುಗೆಮನೆಯಲ್ಲಿ ‘ಹಂಚು ಇನ್ನೂ ಪಳಗಿಲ್ಲ ಕಣೇ, ದೋಸೆ ಏಳ್ತಾನೇ ಇಲ್ಲ’ ಅನ್ನುತ್ತೇವೆ. ದಿನಾ ಬಳಸುತ್ತಾ ಬಳಸುತ್ತಾ ದಾರಿಗೆ ಬರುವಂಥದ್ದಕ್ಕೆ ಮಾತ್ರ ಈ ಮಾತು ಹೊಂದುತ್ತದೆ. ರಿಪೇರಿ ಆದರೆ ಬೆಳಗ್ಗೆ ಅಂಗಡಿಗೆ ಕೊಟ್ಟು ಸಂಜೆ ತರಬಹುದು. ಕಾವಲಿ ಪಳಗಿಸುವುದರಲ್ಲಿ ನಿಮ್ಮ ಒಂದು ದಿನದ ಕೆಲಸ ಅರ್ಧ, ಉಳಿದರ್ಧ ಆಮೇಲೆ ಹುಯ್ಯುವ ದೋಸೆಗಳದ್ದು. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಯಾಕೆಂದರೆ ಜಾಸ್ತಿ ಜನ ಮೊದಲ ಮೂರು ದೋಸೆ ಕಿತ್ತು ಬಂದ ಕೂಡಲೇ ಕಾವಲಿಯನ್ನು ವಾಪಸ್ ಅಟ್ಟಕ್ಕೆ ಹಾಕಿಬಿಡುತ್ತಾರೆ.

ಮೊದಲು ಯಾವ ಕಬ್ಬಿಣ ಅಂತ ನೋಡಿ

ಹಳೇ ಕಾವಲಿಗಳಲ್ಲಿ ಎರಡು ಜಾತಿ. ಒಂದು ಬೀಡಿನದು, ಅಂದರೆ ಕರಗಿದ ಕಬ್ಬಿಣವನ್ನು ಅಚ್ಚಿಗೆ ಹುಯ್ದು ಮಾಡಿದ್ದು. ದಪ್ಪ, ಭಾರ, ಮೇಲ್ಮೈ ಸ್ವಲ್ಪ ತರಿತರಿ. ಇನ್ನೊಂದು ತಗಡನ್ನು ಬಡಿದು ಅಥವಾ ಕತ್ತರಿಸಿ ಮಾಡಿದ್ದು. ತೆಳು, ಹಗುರ, ನುಣುಪು. ಪಳಗಿಸುವ ರೀತಿ ಎರಡಕ್ಕೂ ಒಂದೇ. ವ್ಯತ್ಯಾಸ ಇರುವುದು ಹುಷಾರಾಗಿರಬೇಕಾದ ಕಡೆ. ಬೀಡು ಬಡಿದರೆ ಬಗ್ಗುವುದಿಲ್ಲ, ಒಡೆಯುತ್ತದೆ. ಕೈಜಾರಿ ಮೊಸಾಯಿಕ್ ನೆಲದ ಮೇಲೆ ಬಿದ್ದರೆ ಎರಡು ಹೋಳು. ಬಿಸಿಯಾಗಿರುವಾಗ ತಣ್ಣೀರು ಎರಚಿದರೂ ಬಿರುಕು ಬಿಡಬಹುದು. ತಗಡಿನದು ಒಡೆಯುವುದಿಲ್ಲ, ಆದರೆ ಜೋರು ಉರಿಗೆ ಸೊಟ್ಟಗಾಗುತ್ತದೆ.

ಕಾವಲಿಯನ್ನು ಹಿಡಿಯಲ್ಲಿ ಹಿಡಿದು ನೇತಾಡಿಸಿ, ಚಮಚದಿಂದ ಒಮ್ಮೆ ತಟ್ಟಿ. ಗಟ್ಟಿ ಇದ್ದರೆ ಗಂಟೆಯ ಹಾಗೆ ನಾದ ಬರುತ್ತದೆ. ‘ದಬ್’ ಅಂತ ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ. ತುಕ್ಕಿನ ಅಡಿಯಲ್ಲಿ ಕಣ್ಣಿಗೆ ಕಾಣದ ಬಿರುಕನ್ನೂ ಈ ಸದ್ದು ಹೇಳಿಬಿಡುತ್ತದೆ. ಬಿರುಕು ಬಿಟ್ಟ ಬೀಡಿಗೆ ಸುಮ್ನೆ ದುಡ್ಡು ಸುರಿದು ವೆಲ್ಡಿಂಗ್ ಮಾಡಿಸಬೇಡಿ. ಬೀಡಿನ ವೆಲ್ಡಿಂಗ್ ಕಷ್ಟದ ಕೆಲಸ, ಬೆಸೆದ ಕಡೆ ಮತ್ತೆ ಬಿಸಿಗೆ ಬಿಡುತ್ತದೆ. ಅದಕ್ಕೆ ಗುಜರಿಯೇ ದಾರಿ.

ಇನ್ನೊಂದು ಪರೀಕ್ಷೆ: ಸಮತಟ್ಟು ಕಲ್ಲಿನ ಮೇಲಿಟ್ಟು ಅಂಚನ್ನು ಒತ್ತಿ. ತೂಗಾಡಿದರೆ ತಳ ಸೊಟ್ಟಗಾಗಿದೆ ಅಂತ ಅರ್ಥ. ಗ್ಯಾಸ್ ಒಲೆಗೆ ಅಡ್ಡಿಯಿಲ್ಲ, ಇಂಡಕ್ಷನ್ ಒಲೆಗೆ ಮಾತ್ರ ಸರಿಹೋಗುವುದಿಲ್ಲ. ತುಕ್ಕು ಕೊರೆದು ಸಣ್ಣ ಗುಳಿ ಬಿದ್ದಿದ್ದರೆ ಚಿಂತೆ ಬೇಡ, ಅವು ಎಣ್ಣೆಯಿಂದ ನಿಧಾನಕ್ಕೆ ತುಂಬಿಕೊಳ್ಳುತ್ತವೆ. ಮೇಲೆ ಪಿಂಗಾಣಿ ಲೇಪ ಇರುವ ಪಾತ್ರೆ, ನಾನ್‌ಸ್ಟಿಕ್ ತವಾ ಇವಕ್ಕೆಲ್ಲ ಈ ವಿಧಾನ ಅಲ್ಲವೇ ಅಲ್ಲ. ಅವನ್ನು ಉಜ್ಜಿ ಪಳಗಿಸಲು ಆಗುವುದಿಲ್ಲ.

ತುಕ್ಕು ತೆಗೆಯುವುದು

ಉಜ್ಜುವ ಮೊದಲು ಕಾವಲಿಯ ಮೇಲಿರುವುದನ್ನು ಗುರುತಿಸಿಕೊಳ್ಳಿ. ಕೆಂಪಗೆ, ಬೆರಳಿಗೆ ಪುಡಿಪುಡಿಯಾಗಿ ಹತ್ತುವುದು ತುಕ್ಕು. ಅದು ಪೂರ್ತಿ ಹೋಗಬೇಕು. ಕಪ್ಪಗೆ, ನುಣ್ಣಗೆ, ಉಗುರಿನಿಂದ ಕೆರೆದರೂ ಏಳದೆ ಕೂತಿರುವುದು ಹಿಂದಿನವರು ಹುಯ್ದ ದೋಸೆಗಳ ಸಂಪಾದನೆ. ಅದನ್ನು ಮುಟ್ಟಬೇಡಿ. ಮೂರನೆಯದೂ ಒಂದಿದೆ: ಕಪ್ಪಗೇ ಇರುತ್ತದೆ, ಆದರೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಅದು ಸುಟ್ಟ ಹಿಟ್ಟು ಮತ್ತು ಗಸಿ. ಅಂಚಿನಲ್ಲೂ ಬೆನ್ನಿನಲ್ಲೂ ಜಾಸ್ತಿ ಇರುತ್ತದೆ. ಅದನ್ನು ಹೆರೆದು ತೆಗೆಯಲೇಬೇಕು, ಇಲ್ಲದಿದ್ದರೆ ದೋಸೆಯಲ್ಲಿ ಕರಿ ಚುಕ್ಕೆ.

ಹಗುರ ತುಕ್ಕಿಗೆ ತೆಂಗಿನ ನಾರು ಮತ್ತು ಒಲೆ ಬೂದಿ ಸಾಕು. ಬೂದಿ ಸಿಗದವರು ದಪ್ಪ ಉಪ್ಪಿಗೆ ಎರಡು ಹನಿ ಎಣ್ಣೆ ಹಾಕಿ ಅದರಿಂದ ಉಜ್ಜಬಹುದು. ಉಪ್ಪು ಬಳಸಿದರೆ ಆಮೇಲೆ ಚೆನ್ನಾಗಿ ತೊಳೆಯಿರಿ, ಉಪ್ಪು ಉಳಿದರೆ ತುಕ್ಕು ಬೇಗ ಮರಳುತ್ತದೆ. ಸಮುದ್ರದ ಹತ್ತಿರದ ಮನೆಗಳಲ್ಲಿ ಕಬ್ಬಿಣಕ್ಕೆ ಆಯಸ್ಸು ಕಡಿಮೆ ಯಾಕೆ ಅಂತ ಗೊತ್ತಲ್ವಾ, ಅದೇ ಕಾರಣ. ಕಬ್ಬಿಣ, ನೀರು, ಗಾಳಿ ಮೂರು ಸೇರಿದರೆ ತುಕ್ಕು. ನಡುವೆ ಉಪ್ಪು ಬಂದರೆ ಕೆಲಸ ಚುರುಕು.

ದಪ್ಪ ತುಕ್ಕಿಗೆ ಹಾರ್ಡ್‌ವೇರ್ ಅಂಗಡಿಯಿಂದ ಸ್ಯಾಂಡ್ ಪೇಪರ್ ತನ್ನಿ. 80ನೇ ನಂಬರಿನದರಿಂದ ಶುರುಮಾಡಿ, 150ರಲ್ಲಿ ಒಂದು ಸುತ್ತು, ಕೊನೆಗೆ 220ರಲ್ಲಿ ಮುಗಿಸಿ. ನಂಬರು ಏರಿದಂತೆ ಕಾಗದ ನುಣುಪಾಗುತ್ತದೆ. ಒಂದು ಸಣ್ಣ ಮರದ ತುಂಡಿಗೆ ಕಾಗದ ಸುತ್ತಿಕೊಂಡರೆ ಕೈಗೆ ನೋವು ಕಡಿಮೆ, ಒತ್ತಡವೂ ಸಮ. ಗುಂಡಗೆ ಉಜ್ಜಿ. ಹಾಗೆ ಉಜ್ಜಿದಾಗ ಉಳಿಯುವ ಸಣ್ಣ ಗೀರುಗಳೂ ಗುಂಡಗೇ ಇರುತ್ತವೆ. ಬೆನ್ನಿನ ಕಡೆ ಅಷ್ಟು ನಯ ಬೇಡ, ಚಕ್ಕೆ ಹೋದರೆ ಸಾಕು. ಹೊರಗೆ ಕೂತು ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಕೆಂಪು ಪುಡಿ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಹಳೇ ನೈಟಿಯೋ ಲುಂಗಿಯೋ ಸರಿ.

ಗುಳಿಯೊಳಗೆ ಕೂತ ತುಕ್ಕು ಕಾಗದಕ್ಕೆ ಸಿಗುವುದಿಲ್ಲ. ಅದಕ್ಕೆ ಹುಳಿ ಬೇಕು. ಬಿಳಿ ವಿನಿಗರ್ ಎಷ್ಟೋ ನೀರೂ ಅಷ್ಟೇ ಬೆರೆಸಿ, ಕಾವಲಿ ಮುಳುಗುವಷ್ಟು ಅಗಲದ ಬೇಸಿನ್‌ನಲ್ಲಿ ಇಡಿ. ವಿನಿಗರ್ ಬದಲು ಹುಣಸೆಹಣ್ಣಿನ ಗಟ್ಟಿ ರಸ ಬಳಿದರೂ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಹತ್ತು ನಿಮಿಷಕ್ಕೊಮ್ಮೆ ಎತ್ತಿ ಬ್ರಶ್‌ನಿಂದ ಉಜ್ಜಿ ನೋಡುತ್ತಿರಿ. ಅರ್ಧ ಗಂಟೆ ಮೀರಿಸಬೇಡಿ. ‘ರಾತ್ರಿಯೆಲ್ಲ ನೆನೆಸಿಡಿ’ ಅನ್ನುವ ಸಲಹೆ ಎಷ್ಟೋ ಕಡೆ ಸಿಗುತ್ತದೆ, ನನಗೆ ಅದು ಒಪ್ಪಿಗೆಯಿಲ್ಲ. ಹುಳಿ ಮೊದಲು ತುಕ್ಕನ್ನು ತಿನ್ನುತ್ತದೆ, ತುಕ್ಕು ಮುಗಿದ ಮೇಲೆ ಕಬ್ಬಿಣವನ್ನೇ ತಿನ್ನಲು ಕೂರುತ್ತದೆ. ಬೆಳಗ್ಗೆ ಎತ್ತಿದರೆ ಮೇಲ್ಮೈ ಬೂದುಬಣ್ಣಕ್ಕೆ ತಿರುಗಿ ಒರಟಾಗಿರುತ್ತದೆ.

ಹುಳಿಯಿಂದ ಎತ್ತಿದ ಕೂಡಲೇ ಒಂದು ಚಮಚ ಅಡುಗೆ ಸೋಡಾ ಉದುರಿಸಿ ಉಜ್ಜಿ, ನೀರಲ್ಲಿ ತೊಳೆಯಿರಿ. ಉಳಿದ ಹುಳಿ ಸಾಯುತ್ತದೆ. ಈ ಒಂದು ಸಲ ಪಾತ್ರೆ ಸೋಪನ್ನೂ ಧಾರಾಳವಾಗಿ ಹಾಕಿ.

ಕಾಸ್ಟಿಕ್ ಸೋಡಾ ಬಳಸುವವರೂ ಇದ್ದಾರೆ. ಹಳೇ ಗಸಿಗೆ ಅದು ಒಳ್ಳೆಯದೇ, ಆದರೆ ಕಣ್ಣಿಗೆ ಒಂದು ಹನಿ ಸಿಡಿದರೆ ಮುಗಿಯಿತು. ಮಕ್ಕಳಿರುವ ಮನೆಯಲ್ಲಂತೂ ಬೇಡ. ಹಾಗೆಯೇ ಬಚ್ಚಲ ಹಂಡೆಯ ಒಲೆಯ ಕೆಂಡಕ್ಕೆ ಇಡೀ ಕಾವಲಿ ಹಾಕಿ ಸುಡುವ ಪದ್ಧತಿ. ಗಸಿ ಸುಟ್ಟು ಬೂದಿಯಾಗುವುದು ನಿಜ. ಆದರೆ ಒಂದು ಕಡೆ ಕೆಂಪಗೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ಬೀಡು ಸೀಳುತ್ತದೆ.

ತೊಳೆದ ತಕ್ಷಣ ಒಲೆ ಮೇಲೆ

ಇಲ್ಲಿ ಆತುರ ಬೇಕು. ಉಜ್ಜಿ ತೊಳೆದ ಕಬ್ಬಿಣ ಬೆತ್ತಲೆ. ಕಟ್ಟೆಯ ಮೇಲೆ ಒರಗಿಸಿಟ್ಟು ಫೋನ್ ಎತ್ತಿ ಮಾತಾಡಿ ಬರುವುದರೊಳಗೆ ತೆಳುವಾಗಿ ಕಿತ್ತಳೆ ಬಣ್ಣ ಕಟ್ಟಿರುತ್ತದೆ. ಬಟ್ಟೆಯಿಂದ ಒರೆಸಿ, ನೇರ ಒಲೆ ಮೇಲಿಡಿ. ಸಣ್ಣ ಉರಿ. ತರಿತರಿ ಮೈಯೊಳಗೆ ಸೇರಿಕೊಂಡ ನೀರು ಆವಿಯಾಗಿ ಹೋಗಲು ನಾಲ್ಕೈದು ನಿಮಿಷ ಬೇಕು. ಕೈ ಹತ್ತಿರ ತಂದರೆ ಬಿಸಿ ತಾಗಬೇಕು, ಹಬೆ ಕಾಣಬಾರದು. ಆಗ ಉರಿ ಆರಿಸಿ, ಮುಟ್ಟಲು ಆಗುವಷ್ಟು ಬಿಸಿಗೆ ಬರಲಿ.

ಎಣ್ಣೆ ಹಚ್ಚಿ, ಆಮೇಲೆ ಒರೆಸಿ ತೆಗೆಯಿರಿ

ಇಡೀ ಕೆಲಸದಲ್ಲಿ ಜನ ಎಡವುವುದು ಇಲ್ಲೇ. ಎಣ್ಣೆ ಜಾಸ್ತಿ ಹಾಕಿದಷ್ಟೂ ಕಾವಲಿ ಚೆನ್ನಾಗಿ ಪಳಗುತ್ತದೆ ಅಂತ ಭಾವಿಸಿ, ಅಜ್ಜಿಯಂದಿರು ಮಗುವಿಗೆ ಎಣ್ಣೆ ನೀವುವ ಹಾಗೆ ಹಚ್ಚುತ್ತಾರೆ. ಕಾದಾಗ ಅದು ಅಂಟು ಅಂಟಾಗಿ, ಕಂದು ಬಣ್ಣದ ತೊಟ್ಟು ತೊಟ್ಟಾಗಿ ನಿಲ್ಲುತ್ತದೆ. ಆ ಅಂಟಿಗೆ ದೋಸೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ.

ಅಸಲಿಗೆ ಆಗಬೇಕಾದದ್ದು ಇಷ್ಟು. ತೆಳ್ಳಗಿನ ಎಣ್ಣೆ, ಬಿಸಿ ಮತ್ತು ಗಾಳಿ ಸೇರಿದಾಗ ಎಣ್ಣೆಯ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗುತ್ತವೆ. ಆಮೇಲೆ ಅದು ಎಣ್ಣೆಯಾಗಿ ಉಳಿದಿರುವುದೇ ಇಲ್ಲ. ಒರೆಸಿದರೆ ಬಟ್ಟೆಗೆ ಹತ್ತುವುದಿಲ್ಲ, ನೀರಿಗೆ ಕರಗುವುದಿಲ್ಲ. ಪದರ ತೆಳುವಾಗಿದ್ದರೆ ಮಾತ್ರ ಇದು ಪೂರ್ತಿ ಆಗುತ್ತದೆ. ದಪ್ಪ ಇದ್ದರೆ ಮೇಲೆ ಗಟ್ಟಿಯಾಗಿ ಒಳಗೆ ಹಸಿಯಾಗಿ ನಿಲ್ಲುತ್ತದೆ, ಅದೇ ಅಂಟು.

ಹಾಗಾಗಿ ಅರ್ಧ ಚಮಚ ಎಣ್ಣೆ ಹಾಕಿ, ಹತ್ತಿ ಬಟ್ಟೆಯಿಂದ ಮುಂದೆ, ಹಿಂದೆ, ಅಂಚು, ಹಿಡಿ ಎಲ್ಲ ಕಡೆ ಸವರಿ. ಆಮೇಲೆ ಇನ್ನೊಂದು ಒಣ ಬಟ್ಟೆ ತಗೊಂಡು, ‘ಅಯ್ಯೋ, ತಪ್ಪಿ ಎಣ್ಣೆ ಹಚ್ಚಿಬಿಟ್ಟೆ’ ಅನ್ನುವಂತೆ ಪೂರ್ತಿ ಒರೆಸಿ ತೆಗೆಯಿರಿ. ಕಾವಲಿ ಒಣಗಿದಂತೆ ಕಾಣಬೇಕು. ಏನೂ ಉಳಿದಿಲ್ಲ ಅನ್ನಿಸುತ್ತದೆ. ಉಳಿದಿರುತ್ತದೆ, ಬೇಕಾಗಿರುವುದೇ ಅಷ್ಟು.

ಈಗ ಒಲೆ. ಕಿಟಕಿ ತೆಗೆದಿಡಿ, ಚಿಮಣಿ ಇದ್ದರೆ ಹಾಕಿ. ಮಧ್ಯಮ ಉರಿಯಲ್ಲಿ ಕಾಯಿಸುತ್ತಾ ಹೋದರೆ ಮೊದಲು ಮೈ ಹೊಳೆಯುತ್ತದೆ, ಆಮೇಲೆ ನೂಲಿನಂತೆ ಹೊಗೆ ಏಳುತ್ತದೆ. ಹೊಗೆ ಬಂದ ಕೂಡಲೇ ಆರಿಸಬೇಡಿ. ಉರಿ ಸ್ವಲ್ಪ ತಗ್ಗಿಸಿ, ಹೊಗೆ ತಾನಾಗಿ ನಿಲ್ಲುವವರೆಗೆ ಬಿಡಿ. ಅಷ್ಟೊತ್ತಿಗೆ ಹೊಳಪು ಹೋಗಿ, ಮಂಕಾದ ಕಂದು ಬಣ್ಣ ಬಂದಿರುತ್ತದೆ. ಅದು ಒಂದು ಪದರ. ಗ್ಯಾಸ್ ಒಲೆಯ ಉರಿ ನಡುವಿಗೆ ಮಾತ್ರ ತಾಗುವುದರಿಂದ, ದೊಡ್ಡ ಕಾವಲಿಯಾದರೆ ಆಗಾಗ ಸರಿಸಿ ಅಂಚಿಗೂ ಉರಿ ಕೊಡಿ. ಇಲ್ಲದಿದ್ದರೆ ನಡುವೆ ಏಳುವ ದೋಸೆ ಅಂಚಿನಲ್ಲಿ ಕಚ್ಚಿಕೊಂಡು ಕೂರುತ್ತದೆ.

ಆರಿಸಿ, ಸ್ವಲ್ಪ ತಣಿಯಲು ಬಿಟ್ಟು, ಮತ್ತೆ ಅದೇ: ಸವರಿ, ಒರೆಸಿ, ಕಾಯಿಸಿ. ಮೂರರಿಂದ ನಾಲ್ಕು ಸಲ. ಪ್ರತಿ ಸುತ್ತಿಗೂ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಕೊನೆಗೂ ಹೋಟೆಲ್ ಕಾವಲಿಯಷ್ಟು ಕಪ್ಪು ಬಂದಿಲ್ಲ ಅಂತ ಐದನೇ, ಆರನೇ ಸುತ್ತಿಗೆ ಹೋಗಬೇಡಿ. ಕಪ್ಪನ್ನು ದೋಸೆಗಳಿಗೆ ಬಿಡಿ.

ಮನೆಯಲ್ಲಿ ಓವನ್ ಇದ್ದು ಕಾವಲಿ ಅದರೊಳಗೆ ಹಿಡಿಸಿದರೆ ಕೆಲಸ ಇನ್ನೂ ಸಲೀಸು. 220ರಿಂದ 230 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಕಾವಲಿಯನ್ನು ಬೋರಲು ಹಾಕಿ, ಒಂದು ಗಂಟೆ ಬಿಟ್ಟು, ಒಳಗೇ ತಣಿಯಲು ಬಿಡಿ. ಮರದ ಅಥವಾ ಪ್ಲಾಸ್ಟಿಕ್ ಹಿಡಿ ಇದ್ದರೆ ಮೊದಲೇ ಬಿಚ್ಚಿಡಬೇಕು. ಮೈಕ್ರೋವೇವ್‌ಗೆ ಮಾತ್ರ ಕಬ್ಬಿಣ ಹಾಕಬಾರದು.

ಯಾವ ಎಣ್ಣೆ ಅನ್ನುವುದಕ್ಕೆ ಪ್ರತಿ ಮನೆಯಲ್ಲೂ ಒಂದು ಉತ್ತರ ಇದೆ. ಸೂರ್ಯಕಾಂತಿ, ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ ಮೂರೂ ಆಗುತ್ತವೆ. ನನ್ನನ್ನು ಕೇಳಿದರೆ ಸೂರ್ಯಕಾಂತಿ, ಬೇಗ ಗಟ್ಟಿಯಾಗುತ್ತದೆ, ಅಗ್ಗ ಕೂಡ. ತೆಂಗಿನೆಣ್ಣೆಯಲ್ಲಿ ದೋಸೆ ಹುಯ್ಯಲು ಏನೂ ಅಡ್ಡಿಯಿಲ್ಲ, ಪಳಗಿಸಲು ಮಾತ್ರ ಅದು ಅಷ್ಟು ಒಳ್ಳೆಯದಲ್ಲ. ಅದರಲ್ಲಿ ಸುಮಾರು 90% ಸ್ಯಾಚುರೇಟೆಡ್ ಕೊಬ್ಬು. ಅಂಥ ಕೊಬ್ಬಿನ ಕಣಗಳಿಗೆ ಕೊಂಡಿ ಹಾಕಿಕೊಳ್ಳಲು ಜಾಗವೇ ಇರುವುದಿಲ್ಲ. ತುಪ್ಪಕ್ಕೂ ಹೆಚ್ಚುಕಡಿಮೆ ಇದೇ ಮಾತು. ಅಗಸೆ ಎಣ್ಣೆ ಎಲ್ಲಕ್ಕಿಂತ ಬೇಗ ಗಟ್ಟಿಯಾಗುತ್ತದೆ, ನೋಡಲೂ ಚೆಂದ, ಆದರೆ ಕೆಲವು ತಿಂಗಳಲ್ಲಿ ಚಕ್ಕೆ ಏಳುವ ಗುಣ ಅದಕ್ಕಿದೆ. ಬಳಸುವುದೇ ಆದರೆ ಒಂದು ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ.

ಮೊದಲ ವಾರದ ದೋಸೆ

ಮೊದಲ ದಿನ ದೋಸೆಗಿಂತ ಮುಂಚೆ ಒಂದು ಈರುಳ್ಳಿ ಹುರಿಯಿರಿ. ಎರಡು ಚಮಚ ಎಣ್ಣೆ ಹಾಕಿ, ಹೋಳುಗಳು ಕರಿಯಾಗುವವರೆಗೆ ಕಾವಲಿಯ ತುಂಬ ಓಡಾಡಿಸಿ, ಎಸೆದುಬಿಡಿ. ಉಜ್ಜುವಾಗ ಉಳಿದ ಪುಡಿ, ಕಬ್ಬಿಣದ ವಾಸನೆ ಎಲ್ಲ ಅದರ ಜೊತೆ ಹೋಗುತ್ತದೆ.

ಆಮೇಲೆ ದೋಸೆ. ಉದ್ದಿನ ಹಿಟ್ಟಿನ ದಪ್ಪ ದೋಸೆಯಿಂದ ಶುರುಮಾಡಿ, ಸೆಟ್ ದೋಸೆ ಥರದ್ದು. ನೀರುದೋಸೆ ಕಾವಲಿಗೆ ಪರೀಕ್ಷೆ ಇದ್ದ ಹಾಗೆ. ಬರೀ ಅಕ್ಕಿ, ಉದ್ದು ಇಲ್ಲ, ನೀರೇ ಜಾಸ್ತಿ. ಪಳಗದ ಕಾವಲಿಯಲ್ಲಿ ಅದು ಬಟ್ಟೆ ಅಂಟಿದಂತೆ ಅಂಟುತ್ತದೆ. ಅದಕ್ಕೆ ಒಂದೆರಡು ವಾರ ಕಾಯಿರಿ. ಬೆಲ್ಲ ಹಾಕಿದ ಸಿಹಿದೋಸೆಯನ್ನೂ ಆಮೇಲೆ ಮಾಡಿ.

ಬಿಸಿ ಸರಿಯಾಗಿದೆಯೋ ಇಲ್ಲವೋ ನೋಡಲು ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಸುಮ್ನೆ ಕೂತರೆ ಇನ್ನೂ ಕಾಯಬೇಕು. ಚುಂಯ್ ಅಂತ ಅಲ್ಲೇ ಆರಿಹೋದರೆ ಹುಯ್ಯಬಹುದು. ಗುಂಡಗೆ ಮುತ್ತಿನಂತೆ ಓಡಾಡಿದರೆ ವಿಪರೀತ ಬಿಸಿ. ಆ ಬಿಸಿಗೆ ಹಿಟ್ಟು ಹುಯ್ದರೆ ಸೌಟಿನ ಹಿಂದೆಯೇ ಎದ್ದು ಬರುತ್ತದೆ, ಹರಡುವುದೇ ಇಲ್ಲ. ಉರಿ ತಗ್ಗಿಸಿ, ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ಒತ್ತಿ ಉಜ್ಜಿ. ಈರುಳ್ಳಿಯ ನೀರು ಬಿಸಿ ತಗ್ಗಿಸುತ್ತದೆ, ಎಣ್ಣೆಯೂ ತೆಳ್ಳಗೆ ಹರಡುತ್ತದೆ. ಬದನೆಕಾಯಿಯ ತೊಟ್ಟು, ಬಾಳೆ ಎಲೆಯ ದಂಟು ಕೂಡ ಇದೇ ಕೆಲಸಕ್ಕೆ ಬರುತ್ತವೆ. ಪ್ಲಾಸ್ಟಿಕ್ ಅಥವಾ ಸಿಲಿಕೋನ್ ಬ್ರಶ್ ಬೇಡ. ಅದು ಎಣ್ಣೆ ಹಚ್ಚುತ್ತದೆಯೇ ಹೊರತು ಒತ್ತಿ ಉಜ್ಜುವುದಿಲ್ಲ.

ದೋಸೆ ಕಚ್ಚಿಕೊಂಡಿತು ಅಂದುಕೊಳ್ಳಿ. ಸ್ಟೀಲ್ ಸಟ್ಟುಗದಿಂದ ಯುದ್ಧಕ್ಕೆ ಇಳಿಯಬೇಡಿ. ಹಾಗೇ ಸಣ್ಣ ಉರಿಯಲ್ಲಿ ಬಿಡಿ, ಒಣಗಿ ಕಂದಾಗಲಿ. ಒಣಗಿದ ಮೇಲೆ ಅಂಚಿನಿಂದ ಮೆಲ್ಲಗೆ ಒತ್ತಿದರೆ ಹೆಚ್ಚಿನಂಶ ತಾನೇ ಎದ್ದು ಬರುತ್ತದೆ. ಉಳಿದದ್ದಕ್ಕೆ ಉಪ್ಪು ಉದುರಿಸಿ ಬಟ್ಟೆಯಿಂದ ಉಜ್ಜಿ, ಮತ್ತೊಮ್ಮೆ ಈರುಳ್ಳಿ ಆಡಿಸಿ ಮುಂದಿನದನ್ನು ಹುಯ್ಯಿರಿ.

ಮೊದಲ ಕೆಲವು ದಿನ ಬಟ್ಟೆಗೆ ಕಪ್ಪು ಹತ್ತುತ್ತದೆ, ದೋಸೆಯ ಅಡಿ ಸ್ವಲ್ಪ ಬೂದಾಗಿ ಕಾಣಬಹುದು. ತಿನ್ನಲು ತೊಂದರೆಯಿಲ್ಲ. ಕಿತ್ತಳೆ ಬಣ್ಣ ಹತ್ತಿದರೆ ಮಾತ್ರ ಎಲ್ಲೋ ತುಕ್ಕು ಉಳಿದಿದೆ ಅಂತ ಅರ್ಥ. ಆ ಜಾಗಕ್ಕೆ ಮಾತ್ರ 220ರ ಕಾಗದ ಆಡಿಸಿ ಒಂದು ಪದರ ಎಣ್ಣೆ ಕಾಯಿಸಿದರೆ ಸಾಕು, ಇಡೀ ಕಾವಲಿಯನ್ನು ಮತ್ತೆ ಉಜ್ಜಬೇಕಿಲ್ಲ.

ಚಪಾತಿ ತಕರಾರು

ದೋಸೆ ಕಾವಲಿಯಲ್ಲಿ ಚಪಾತಿ ಬೇಯಿಸಬಾರದು ಅನ್ನುವುದು ಹಳೇ ಕಾನೂನು. ಸುಮ್ನೆ ಹೇಳಿದ್ದಲ್ಲ. ಚಪಾತಿಗೆ ಕಾವಲಿ ಒಣಗಿರಬೇಕು, ಉರಿ ಜೋರಿರಬೇಕು. ಜೋರು ಒಣ ಬಿಸಿಗೆ ಎಣ್ಣೆಯ ಪದರ ಸುಟ್ಟು ಬೂದಿಯಾಗುತ್ತದೆ. ಜೊತೆಗೆ ಉದುರಿದ ಹಿಟ್ಟು ಕರಕಲಾಗಿ ಅಂಟಿಕೊಳ್ಳುತ್ತದೆ. ಮರುದಿನ ದೋಸೆ ಏಳುವುದಿಲ್ಲ, ಬೈಗುಳ ಹಿಟ್ಟು ರುಬ್ಬಿದವರಿಗೆ. ಚಪಾತಿಗೆ ಬೇರೆ ಹಂಚು ಇಡಿ. ಎರಡು ಇಡಲು ಜಾಗವಿಲ್ಲದವರು ಚಪಾತಿ ಮುಗಿದ ಮೇಲೆ ಕರಕಲು ಹಿಟ್ಟು ಒರೆಸಿ, ಎಣ್ಣೆ ಸವರಿ, ಒಂದು ಪದರ ಕಾಯಿಸಿ ಎತ್ತಿಡಿ.

‘ಹೋಟೆಲಿನಲ್ಲಿ ಕಾದ ಕಾವಲಿಗೆ ನೀರು ಎರಚಿ ಕಡ್ಡಿ ಪೊರಕೆಯಿಂದ ಗುಡಿಸ್ತಾರಲ್ಲ, ಅದು ಒಡೆಯಲ್ವಾ?’ ಅಂತ ಕೇಳುವವರಿದ್ದಾರೆ. ಅದು ಬೀಡಿನದಲ್ಲ, ದಪ್ಪ ಉಕ್ಕಿನ ಹಲಗೆ. ಬೆಳಗ್ಗೆಯಿಂದ ಕಾದಿರುತ್ತದೆ, ನೀರು ಬಿದ್ದರೂ ಮೇಲ್ಮೈ ಮಾತ್ರ ತುಸು ತಣಿಯುತ್ತದೆ. ಹೋಟೆಲಿನವರಿಗೆ ಬೇಕಾಗಿರುವುದೂ ಅಷ್ಟೇ, ಹಿಟ್ಟು ಹರಡುವಷ್ಟು ಬಿಸಿ ಇಳಿಯಬೇಕು. ಮನೆಯ ಬೀಡಿನ ಕಾವಲಿಗೆ ನಾಲ್ಕು ಹನಿ ಚಿಮುಕಿಸುವುದು ಸರಿ, ಲೋಟಗಟ್ಟಲೆ ಎರಚುವುದು ತಪ್ಪು.

ತೊಳೆಯುವುದು, ಎತ್ತಿಡುವುದು

ದೋಸೆ ಮುಗಿದ ಮೇಲೆ ಕಾವಲಿ ಬಿಸಿ ಇರುವಾಗಲೇ ಒಣ ಬಟ್ಟೆಯಿಂದ ಒರೆಸಿ. ದಿನಾ ಹುಯ್ಯುವವರಿಗೆ ಅಷ್ಟೇ ಸಾಕು. ಖಾರ ಮಸಾಲೆ ಚೆಲ್ಲಿದ್ದರೆ, ಮೊಟ್ಟೆ ಹಾಕಿದ್ದರೆ ತೊಳೆಯಲೇಬೇಕು ಅನ್ನಿಸುತ್ತದೆ. ತಣಿದ ಮೇಲೆ ತೊಳೆಯಿರಿ, ಬೇಕಾದರೆ ಒಂದಿಷ್ಟು ಸೋಪೂ ಹಾಕಿ. ಸೋಪು ತಾಗಿದರೆ ಪಳಗಿದ್ದೆಲ್ಲ ಹೋಯಿತು ಅನ್ನುವುದು ಉತ್ಪ್ರೇಕ್ಷೆ. ಪದರ ಹೋಗುವುದು ಸ್ಟೀಲ್ ಸ್ಕ್ರಬ್ಬರ್‌ನಿಂದ, ಸಿಂಕಿನಲ್ಲಿ ನೀರೊಳಗೆ ಗಂಟೆಗಟ್ಟಲೆ ಬಿಡುವುದರಿಂದ. ತೊಳೆದರೆ ಮತ್ತೆ ಒಲೆ ಮೇಲೆ ಒಣಗಿಸಿ, ಒಂದು ತೊಟ್ಟು ಎಣ್ಣೆ ಸವರಿ ಒರೆಸಿಡಿ.

ಪಾತ್ರೆ ತೊಳೆಯಲು ಮನೆಗೆ ಬರುವವರಿಗೆ ಇದನ್ನು ಮೊದಲೇ ಹೇಳಿಡಿ. ಕಪ್ಪಗಿರುವುದನ್ನು ಕಂಡರೆ ಪಳಪಳ ಮಾಡಿಡುವುದು ಅವರ ಕೆಲಸ. ನೀವು ಹೇಳದೆ ಅವರು ಉಜ್ಜಿಟ್ಟರೆ ತಪ್ಪು ಅವರದ್ದಲ್ಲ. ಕಾವಲಿಯನ್ನು ಸಿಂಕಿನ ಹತ್ತಿರ ಇಡದೇ ಇರುವುದೇ ಸುಲಭದ ಉಪಾಯ.

ಊರಿಗೆ ಹೋಗುವಾಗ, ಮಳೆಗಾಲದಲ್ಲಿ, ತಿಂಗಳುಗಟ್ಟಲೆ ಮುಟ್ಟದೆ ಇಡುವುದಾದರೆ ಎಣ್ಣೆ ತೆಳ್ಳಗೆ ಸವರಿ, ಒಣ ಪೇಪರ್ ಸುತ್ತಿ ಗಾಳಿಯಾಡುವ ಕಡೆ ಇಡಿ. ಗೋಣಿಚೀಲ ತೇವ ಹೀರಿಕೊಂಡು ಹಿಡಿದಿಡುತ್ತದೆ, ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಎರಡೂ ಬೇಡ. ಎಣ್ಣೆ ಧಾರಾಳ ಹಚ್ಚಿ ಇಟ್ಟರೆ ಕಮಟು ವಾಸನೆ ಬರುತ್ತದೆ, ಅದೂ ಬೇಡ.

ಕಬ್ಬಿಣದ ಬಾಣಲೆ, ಪಡ್ಡಿನ ಹಂಚಿಗೂ ಇದೇ ಕ್ರಮ. ಪಡ್ಡಿನ ಹಂಚಿನ ಗುಳಿಗಳಲ್ಲಿ ಎಣ್ಣೆ ಇಳಿದು ಅಡಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಪ್ರತಿ ಗುಳಿಯನ್ನೂ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬೇರೆ ಬೇರೆಯಾಗಿ ಒರೆಸಬೇಕು, ತಾಳ್ಮೆ ಬೇಕು. ಬಾಣಲೆಯಲ್ಲಿ ಹೊಸದಾಗಿ ಪಳಗಿಸಿದ ಮೇಲೆ ಕೆಲವು ದಿನ ಕರಿಯುವುದು, ಒಗ್ಗರಣೆ ಹಾಕುವುದು ಮಾತ್ರ ಮಾಡಿ. ಹುಣಸೆರಸದ ಗೊಜ್ಜು, ಟೊಮೆಟೊ ಪಲ್ಯ ಕುದಿಸಿದರೆ ಹುಳಿ ಪದರವನ್ನು ಕಿತ್ತುಹಾಕುತ್ತದೆ, ಗೊಜ್ಜಿಗೆ ಕಬ್ಬಿಣದ ರುಚಿ ಬರುತ್ತದೆ.

ಅದೇ ಚೀಲದಲ್ಲಿ ಹಿತ್ತಾಳೆ ಸಿಕ್ಕರೆ

ಕಾವಲಿಯ ಜೊತೆ ಹಿತ್ತಾಳೆ ಬೋಗುಣಿಯೋ ತಾಮ್ರದ ಪಾತ್ರೆಯೋ ಸಿಕ್ಕಿದರೆ, ಮೇಲೆ ಹೇಳಿದ ಯಾವುದನ್ನೂ ಅದಕ್ಕೆ ಮಾಡಬೇಡಿ. ಸ್ಯಾಂಡ್ ಪೇಪರ್ ತಾಗಿಸಲೇಬೇಡಿ. ಹೊರಮೈಗೆ ಹುಣಸೆಹಣ್ಣು, ಉಪ್ಪು ಸಾಕು. ಹುಳಿ ಬಂದು ಹಾಳಾದ ದೋಸೆ ಹಿಟ್ಟು, ಹುಳಿ ಮಜ್ಜಿಗೆ ಕೂಡ ಚೆನ್ನಾಗಿ ಹೊಳಪು ತರುತ್ತವೆ. ಉಜ್ಜಿದ ಕೂಡಲೇ ತೊಳೆದು ಬಟ್ಟೆಯಿಂದ ಒರೆಸಿ. ತಾನಾಗಿ ಒಣಗಲು ಬಿಟ್ಟರೆ ಕಲೆ ಉಳಿಯುತ್ತದೆ.

ಒಳಮೈ ಬೇರೆ ವಿಷಯ. ಅಡುಗೆಗೆ ಬಳಸುವ ಹಿತ್ತಾಳೆ, ತಾಮ್ರಕ್ಕೆ ಒಳಗೆ ಕಲಾಯಿ, ಅಂದರೆ ತವರದ ತೆಳು ಲೇಪ, ಇರಬೇಕು. ಬೆಳ್ಳಗಿನ ಹೊಳಪು ಹೋಗಿ ಒಳಗೆ ಹಳದಿಯೋ ಕೆಂಪೋ ಕಂಡರೆ ಕಲಾಯಿ ಸವೆದಿದೆ. ಅದರಲ್ಲಿ ಸಾರು, ಮಜ್ಜಿಗೆಹುಳಿ ಇಟ್ಟರೆ ತಾಮ್ರದ ಅಂಶ ಊಟಕ್ಕೆ ಇಳಿದು ಕಿಲುಬು ಹಿಡಿಯುತ್ತದೆ. ತಿಂದವರಿಗೆ ವಾಂತಿ, ಹೊಟ್ಟೆನೋವು. ಕಂಚಿಗೆ ಕಲಾಯಿ ಹಾಕಿಸುವ ರೂಢಿ ಇಲ್ಲ. ಬಚ್ಚಲ ಹಂಡೆಗೆ, ಕುಡಿಯುವ ನೀರು ತುಂಬಿಡುವ ತಾಮ್ರದ ಕೊಡಕ್ಕೆ ಕಲಾಯಿ ಬೇಕಿಲ್ಲ.

ಕಲಾಯಿ ಮನೆಯಲ್ಲಿ ಮಾಡುವ ಕೆಲಸವಲ್ಲ. ಪಾತ್ರೆಯನ್ನು ಇದ್ದಿಲ ಒಲೆಯಲ್ಲಿ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಕರಗಿದ ತವರವನ್ನು ಹತ್ತಿಯಿಂದ ಒಂದೇ ಸಮನೆ ಸವರುತ್ತಾರೆ. ದಟ್ಟ ಬಿಳಿ ಹೊಗೆ ಏಳುತ್ತದೆ, ಮೂಗಿಗೆ ಹೊಡೆಯುತ್ತದೆ. ಬೀದಿಗೆ ಬರುತ್ತಿದ್ದ ಕಲಾಯಿಯವರು ಈಗ ಅಪರೂಪ. ಹಿತ್ತಾಳೆ ಪಾತ್ರೆ ಮಾರುವ ಹಳೇ ಅಂಗಡಿಗಳಲ್ಲಿ ಕೇಳಿದರೆ ಯಾರು, ಎಲ್ಲಿ ಅಂತ ಹೇಳುತ್ತಾರೆ. ಸಿಕ್ಕಿದವರನ್ನು ಕೇಳಬೇಕಾದದ್ದು ಒಂದೇ: ಶುದ್ಧ ತವರವೇ, ಸೀಸ ಬೆರೆತದ್ದೇ? ಅಗ್ಗಕ್ಕೆ ಸೀಸ ಬೆರೆಸುವುದುಂಟು, ಸೀಸ ವಿಷ. ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಸಣ್ಣಗೆ ಕರಕರ ಸದ್ದು ಬರುತ್ತದೆ, ಸೀಸ ಸದ್ದಿಲ್ಲದೆ ಬಗ್ಗುತ್ತದೆ, ಕಾಗದಕ್ಕೆ ಉಜ್ಜಿದರೆ ಪೆನ್ಸಿಲ್‌ನಂತೆ ಗೀರು ಬಿಡುತ್ತದೆ. ಸ್ವಲ್ಪ ಬೆರಕೆಯನ್ನು ಈ ಪರೀಕ್ಷೆ ಹಿಡಿಯಲಾರದು. ಅನುಮಾನ ಇದ್ದರೆ ನಂಬಿಕೆಯ ಅಂಗಡಿಯಿಂದ ತವರ ನೀವೇ ತಂದುಕೊಡಿ. ಪಾತ್ರೆಯ ತಳದಲ್ಲಿ ಎಂದೋ ತೂತು ಮುಚ್ಚಲು ಹಾಕಿದ ಬೆಸುಗೆ ಕಂಡರೆ ಅದನ್ನು ಅಡುಗೆಗೆ ಬಳಸದೆ ಹೂವಿಗೋ ಗಿಡಕ್ಕೋ ಇಟ್ಟುಕೊಳ್ಳಿ, ಬೆಸುಗೆಯಲ್ಲಿ ಸೀಸ ಇರುವ ಸಂಭವ ಜಾಸ್ತಿ.

ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಾವಲಿಯನ್ನು ಪಳಗಿಸಿದ ಉರಿಯೇ ಕಲಾಯಿಯನ್ನು ಕರಗಿಸಿಬಿಡುತ್ತದೆ. ಹಾಗಾಗಿ ಕಲಾಯಿ ಪಾತ್ರೆಯನ್ನು ಖಾಲಿ ಒಲೆ ಮೇಲಿಡಬೇಡಿ, ಒಗ್ಗರಣೆಯನ್ನು ಸಣ್ಣ ಸೌಟಿನಲ್ಲಿ ಬೇರೆ ಮಾಡಿ ಸುರಿಯಿರಿ. ಒಳಗೆ ಮರದ ಸೌಟು ಆಡಿಸಿ, ತೊಳೆಯಲು ಮೆತ್ತನೆ ನಾರು ಬಳಸಿ. ಹೊಸ ಕಲಾಯಿಯ ಪಾತ್ರೆಯಲ್ಲಿ ಮೊದಲ ಸಲ ಅಕ್ಕಿ ತೊಳೆದ ನೀರು ತುಂಬಿ ಚೆನ್ನಾಗಿ ಕುದಿಸಿ, ಆ ನೀರನ್ನು ಚೆಲ್ಲಿ, ಆಮೇಲೆ ಅಡುಗೆಗೆ ಇಳಿಸಿ.